ಕಿವಡವ್ವ ಕೇಳಿದ ಎಮ್ಮೆ

ಇದು ನಿಜವಾಗಿ ನಡೆದ ಕತೆ. ನಡೆಯುವುದಕ್ಕೆ ಇನ್ನೂ ಮೂವತ್ತು ಚಿಲ್ಲರೆ ವರ್ಷ ಬಾಕಿ ಇದೆ ಎಂಬುದೊಂದನ್ನು ಬಿಟ್ಟರೆ ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಂಬಿಕೆ ಬಾರದವರು ಅಲ್ಲಿಯವರೆಗೆ ಕಾಯಬಹುದು. ಪ್ಲಾಟ್‌ಫಾರ್ಮಿನಲ್ಲಿ ಕೂತು ಕಾಯುವುದು ರೂಢಿಯಾದವರಿಗೆ ಅದೇನು ದೊಡ್ಡ ಮಾತಲ್ಲ.

"ಗದಗ ಕಡೆಯಿಂದ ಗಾಡಿ ಬರುತ್ತಿದೆ. ನೀಲವ್ವ, ಶೇಖಪ್ಪ, ಮಂಜುಳಾ, ರಾಜೇಸಾಬ, ಹಳಿ ಬಿಡಿರಿ."

ಹಳಿಯ ಬದಿಯ ಕಂಬ ಹೀಗೆ ಕೂಗಿದಾಗ ಗಾಡಿಯ ಸುಳಿವು ಎಲ್ಲೂ ಇರಲಿಲ್ಲ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿ, ಕರೇಕೊಪ್ಪ ಎಂಬ ಸಣ್ಣ ಸ್ಟೇಷನ್ನಿನ ಹೊರಗೆ, ಎರೆಹೊಲಗಳ ನಡುವೆ ಹಳಿ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಹಳಿ ಕಾಯುವ ಗ್ಯಾಂಗಿನ ನಾಲ್ವರೂ ಸ್ಲೀಪರಿನ ಅಡಿಗೆ ಖಡಿ, ಅಂದರೆ ಜಲ್ಲಿಕಲ್ಲು, ಬಡಿಯುತ್ತಿದ್ದರು. ಎರೆಮಣ್ಣಿನ ಸ್ವಭಾವ ಗೊತ್ತಿದ್ದದ್ದೇ. ಬೇಸಗೆಯಲ್ಲಿ ಬಿರಿದು ಕುಸಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಮೇಲೇಳುತ್ತದೆ. ಅದರ ಮೇಲೆ ಮಲಗಿದ ಹಳಿ ಅಲುಗದಂತೆ ಇರಬೇಕಾದರೆ ಯಾರಾದರೂ ದಿನಾ ಅದರ ಹಾಸಿಗೆ ಸರಿಮಾಡುತ್ತಿರಬೇಕು. ಆ ಯಾರಾದರೂ ಈ ನಾಲ್ವರು.

ನೀಲವ್ವ ತಳವಾರ ಗ್ಯಾಂಗಿನ ಮೇಟ್, ಅಂದರೆ ಯಜಮಾನಿ. ಆಕೆ ಕೈ ಎತ್ತಿದ್ದೇ ಇಬ್ಬರು ಹಾರೆ ಹೊತ್ತು ಬದಿಗೆ ಸರಿದರು. ಒಬ್ಬ ಸರಿಯಲಿಲ್ಲ.

"ರಾಜೇಸಾಬ ಇನ್ನೂ ಹಳಿಯ ಮೇಲಿದ್ದಾರೆ," ಎಂದಿತು ಕಂಬ.

"ಬಂದ್ನವಾ ತಾಯಿ, ಬಂದೆ. ಊರ ಮುಂದ ಹೆಸರ ಹಿಡಿದು ಒದರಬ್ಯಾಡ, ಹೇಂತಿಗೆ ಸಿಟ್ಟ ಬರತೈತಿ," ಎನ್ನುತ್ತ ರಾಜೇಸಾಬ ನದಾಫ ಬದಿಗಿಳಿದ. ಇಳಿದು, ತಿರುಗಿ ನಿಂತು, ಕಂಬದ ಧ್ವನಿಯನ್ನೇ ತೆಗೆದು ಕೂಗಿದ: "ಈಗ ನೀಲವ್ವ ನಗುತ್ತಿದ್ದಾರೆ. ಹಲ್ಲು ಬಿಡಿರಿ."

ನೀಲವ್ವ ನಗದೆ ಇರಲು ಪ್ರಯತ್ನಪಟ್ಟಳು. ಅಷ್ಟರಲ್ಲಿ ಗಾಡಿ ಬಂತು, ಗಾಳಿ ಬಡಿಯಿತು, ನೆಲ ನಡುಗಿತು, ಗಾಡಿ ಹೋಯಿತು. ಕಿಟಕಿಗಳಲ್ಲಿ ಕೂತವರು ಯಾರೂ ಈ ನಾಲ್ವರನ್ನು ನೋಡಲಿಲ್ಲ. ನೋಡಬೇಕೆಂದು ಯಾರೂ ಅವರಿಗೆ ಹೇಳಿಯೂ ಇರಲಿಲ್ಲ.

ಕೂಗಿದ ಕಂಬದ ಸರಕಾರಿ ಹೆಸರು ಹಳಿಗಿವಿ. ಅದನ್ನು ಕಂಡುಹಿಡಿದವರು ಹುಬ್ಬಳ್ಳಿಯ ಪ್ರಯೋಗಶಾಲೆಯ ಡಾಕ್ಟರ್ ನಿರುಪಮಾ ಹಂಚಿನಮನಿ. ಹಳಿಯ ಪಕ್ಕದ ಮಣ್ಣಿನಲ್ಲಿ ಅವರು ಕೂದಲೆಳೆಯಷ್ಟು ಸಣ್ಣ ಗಾಜಿನ ತಂತಿ ಹುಗಿಸಿದ್ದರು. ಅದರೊಳಗೆ ಒಂದು ತುದಿಯಿಂದ ಬೆಳಕನ್ನು ಮಿಣುಕಿಸುತ್ತ ಹೋದರೆ, ಗಾಜಿನ ಪ್ರತಿ ಕಣವೂ ಅದರ ಒಂದಿಷ್ಟನ್ನು ವಾಪಸು ಕಳಿಸುತ್ತದೆ. ನೆಲ ಕಂಪಿಸಿದರೆ ಗಾಜಿನ ಎಳೆ ಹಿಗ್ಗುತ್ತದೆ, ವಾಪಸು ಬರುವ ಬೆಳಕು ತುಸು ಬದಲಾಗುತ್ತದೆ. ಆ ಬದಲಾವಣೆಯನ್ನು ಓದುವ ಗಣಕ ಸ್ಟೇಷನ್ನಿನ ಹಿಂದಿನ ಕೋಣೆಯಲ್ಲಿತ್ತು. ದೂರದ ಗಾಡಿ, ಹತ್ತಿರದ ಹೆಜ್ಜೆ, ಹಳಿಯನ್ನು ಸ್ಲೀಪರಿಗೆ ಬಿಗಿಯುವ ಕ್ಲಿಪ್ಪು ಸಡಿಲಾದದ್ದು, ಬಿರುಕು ಬಿಟ್ಟ ಹಳಿ, ಪ್ರತಿಯೊಂದರ ಕಂಪನವೂ ಬೇರೆ ಬೇರೆ. ಕೆಲವು ತಿಂಗಳಲ್ಲಿ ಅದು ಗ್ಯಾಂಗಿನ ಒಬ್ಬೊಬ್ಬರ ಕಾಲನ್ನೂ ಕಲಿತುಕೊಂಡಿತು. ಹಳಿಯ ಮೇಲೆ ಯಾರಿದ್ದಾರೆಂದು ತಿಳಿದು, ಅವರ ಹೆಸರು ಹಿಡಿದು ಕರೆಯುತ್ತಿತ್ತು, ಕೊನೆಯವರು ಇಳಿಯುವವರೆಗೂ ಕರೆಯುತ್ತಲೇ ಇರುತ್ತಿತ್ತು. ಇಳಿಯದಿದ್ದರೆ ಗಾಡಿಯನ್ನೇ ತಡೆಯುತ್ತಿತ್ತು.

ಗ್ಯಾಂಗಿನವರು ಅದಕ್ಕಿಟ್ಟ ಹೆಸರು ಕಿವಡವ್ವ. "ಹಳಿ ಅಂದದ್ದೆಲ್ಲಾ ಕೇಳತೈತಿ, ನಾವು ಅಂದದ್ದೊಂದೂ ಕೇಳಂಗಿಲ್ಲ. ನಮ್ಮ ಮನ್ಯಾಗ ಹಿಂತಾಕಿ ಒಬ್ಬಾಕಿ ಅದಾಳ," ಎಂದು ಆ ಹೆಸರಿಟ್ಟವನು ರಾಜೇಸಾಬನೇ.

ಹೆಸರಿನಲ್ಲಿ ತಮಾಷೆ ಇದ್ದರೂ ನೀಲವ್ವ ದಿನಾ ಕೆಲಸಕ್ಕಿಳಿಯುವ ಮೊದಲು ಆ ಕಂಬವನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಕಿವಡವ್ವ ಬರುವ ಮುಂಚೆ ಗ್ಯಾಂಗಿಗೆ ಎಚ್ಚರ ಹೇಳುತ್ತಿದ್ದದ್ದು ಒಂದು ಸೀಟಿ, ಒಂದು ಬಾವುಟ, ಅವೆರಡನ್ನು ಹಿಡಿದು ನಿಂತ ಒಬ್ಬ ಮನುಷ್ಯ. ಮಂಜು ಕವಿದ ಒಂದು ಮುಂಜಾನೆ ಗಾಳಿ ಎದುರಿಗೆ ಬೀಸುತ್ತಿತ್ತು. ಸೀಟಿ ಊದಿದವನು ಸರಿಯಾಗಿಯೇ ಊದಿದ್ದ. ಬಗ್ಗಿ ಕ್ಲಿಪ್ಪು ಬಡಿಯುತ್ತಿದ್ದ ನೀಲವ್ವನ ಗಂಡನಿಗೆ ಕೇಳಲಿಲ್ಲ. ಗಂಡನ ನೌಕರಿ ನೀಲವ್ವನಿಗೆ ಬಂತು, ಗಂಡನ ಸುತ್ತಿಗೆಯೂ ಬಂತು. ಅದೇ ಸುತ್ತಿಗೆ ಹಿಡಿದು ಆಕೆ ಮೇಟ್ ಆಗುವವರೆಗೆ ಬಂದಿದ್ದಳು. ಕಿವಡವ್ವ ಬಂದ ಮೇಲೆ ಈ ಹಳಿಯ ಮೇಲೆ ಯಾರ ಜೀವವೂ ಹೋಗಿರಲಿಲ್ಲ.

ರಾಜೇಸಾಬನ ಕತೆ ಬೇರೆ. ಅವನಿಗೆ ಕಿವಡವ್ವನ ಮೇಲೆ ಒಂದು ಸಿಟ್ಟಿತ್ತು.

ಅವನ ಅಜ್ಜ ಅರಳೆ ಹಿಂಜುತ್ತಿದ್ದವನು. ಹಿಂಜುವ ಬಿಲ್ಲಿನ ಠಂಯ್ ಠಂಯ್ ಸದ್ದನ್ನು ಮೊಮ್ಮಗ ನಾಲಿಗೆಯಲ್ಲಿ ನುಡಿಸುತ್ತಿದ್ದ. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಡೀಸೆಲ್ ಎಂಜಿನ್ನು ಕೆಮ್ಮುವುದು, ಕರೆಂಟಿನ ಎಂಜಿನ್ನು ಸುಂಯ್ಗುಟ್ಟುವುದು, ಮೂರು ಭಾಷೆಯಲ್ಲಿ ಗಾಡಿ ತಡವೆಂದು ಹೇಳಿ ಮೂರರಲ್ಲೂ ವಿಷಾದಿಸುವ ಸ್ಟೇಷನ್ನಿನ ಹೆಣ್ಣುಧ್ವನಿ, ಸೆಕ್ಷನ್ ಎಂಜಿನಿಯರರು ಬೈಯುವ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಎಲ್ಲವೂ ಅವನ ಬಾಯಲ್ಲಿತ್ತು. ಒಮ್ಮೆ ಆ ಗಂಟಲು ಕೇಳಿ ಶೇಖಪ್ಪ ಅರ್ಧ ಕಟ್ಟಿದ ಪಂಚೆಯಲ್ಲೇ ಎದ್ದು ನಿಂತಿದ್ದ. ಆಯುಷ್ಯವೆಲ್ಲ ಹಳಿಯ ಮೇಲೆ ಕಳೆದರೂ ರಾಜೇಸಾಬ ಯಾರನ್ನೂ ಹಳಿದವನಲ್ಲ, ಅಣಕಿಸಿದವನು ಮಾತ್ರ.

ಅಂಥವನಿಗೆ ಒಂದು ಕೆಲಸದ ಮೇಲೆ ಎಲ್ಲಕ್ಕಿಂತ ಹೆಚ್ಚು ಅಭಿಮಾನ. ಅದು ಪಟಾಕಿ ಕಟ್ಟುವುದು. ರೈಲಿನವರು ಪಟಾಕಿ ಎನ್ನುವುದು ದೀಪಾವಳಿಯದಲ್ಲ. ಅಂಗೈಯಗಲದ ತಗಡಿನ ಬಿಲ್ಲೆ, ಒಳಗೆ ಮದ್ದು. ಮಂಜಿನಲ್ಲಿ ಸಿಗ್ನಲ್ ಕಾಣದಾಗ ಅದನ್ನು ಹಳಿಯ ಮೇಲೆ ಕಟ್ಟುತ್ತಿದ್ದರು. ಗಾಲಿ ಹತ್ತಿದ್ದೇ ಢಂ ಎಂದು ಸಿಡಿದು, ಮುಂದೆ ಸಿಗ್ನಲ್ ಇದೆ ಎಂದು ಚಾಲಕರಿಗೆ ಹೇಳುತ್ತಿತ್ತು. ಅದಕ್ಕೆ ಇನ್ನೊಂದು ಉಪಯೋಗವೂ ಇತ್ತು, ಅದು ಯಾವ ನಿಯಮದಲ್ಲೂ ಇರಲಿಲ್ಲ. ಎಂಜಿನ್ ಚಾಲಕರು ನಿವೃತ್ತರಾಗುವ ದಿನ, ಅವರ ಕೊನೆಯ ಗಾಡಿ ಸ್ಟೇಷನ್ನಿಗೆ ಬರುವಾಗ, ಹಳಿಗೆ ಸಾಲಾಗಿ ಪಟಾಕಿ ಕಟ್ಟಿ ಸಲಾಮು ಹೊಡೆಯುತ್ತಿದ್ದರು. ಕರೇಕೊಪ್ಪದ ಕಡೆ ಆ ಸಲಾಮು ಕಟ್ಟುತ್ತಿದ್ದವನು ರಾಜೇಸಾಬ. ಸುಮ್ಮನೆ ಕಟ್ಟುತ್ತಿರಲಿಲ್ಲ. ಒಂದೊಂದರ ನಡುವಿನ ಜಾಗವನ್ನು ಹೆಚ್ಚು ಕಡಿಮೆ ಮಾಡಿ, ಗಾಡಿ ಹಾಯುವಾಗ ಹಲಗೆ ಬಾರಿಸಿದಂತೆ ಕೇಳಿಸುವ ಹಾಗೆ ಮಾಡುತ್ತಿದ್ದ: ಢಂ, ಢಂ ಢಂ, ಢಂ. ಆ ಪೆಟ್ಟು ಕೇಳಿ ಗಟ್ಟಿ ಗುಂಡಿಗೆಯ ಚಾಲಕರು ಕರ್ಚೀಫು ಹುಡುಕುತ್ತಿದ್ದರು.

ಕಿವಡವ್ವ ಬಂದಳು. ಮಂಜಿರಲಿ ಮಳೆಯಿರಲಿ, ಸಿಗ್ನಲಿನ ಸುದ್ದಿ ಎಂಜಿನ್ನಿನೊಳಕ್ಕೇ ಹೋಗತೊಡಗಿತು. ಪಟಾಕಿ ಬೇಡವೆಂದು ಆದೇಶ ಬಂತು. ಉಳಿದದ್ದನ್ನು ಹುಬ್ಬಳ್ಳಿಯ ಉಗ್ರಾಣದಲ್ಲಿಟ್ಟು ಬೀಗ ಹಾಕಿದರು.

"ಡ್ರೈವರ್‌ಗೋಳ ಸಲಾಮೂ ಹೋತು," ಎಂದ ರಾಜೇಸಾಬ ಒಂದು ದಿನ ಬುತ್ತಿ ಬಿಚ್ಚಿ ಕೂತಾಗ. "ನಂದು ರಿಟೈರ್ಮೆಂಟ್ ಹತ್ತರ ಬಂತು. ನಮ್ಮಂಥಾವ್ರಿಗೆ ಮೊದಲೂ ಪಟಾಕಿ ಇದ್ದಿಲ್ಲ ಬಿಡು. ಆದ್ರೂ ಇಷ್ಟ ಮಂದಿಗೆ ಕಟ್ಟೀನಿ, ನನಗ ಯಾರರ ಒಂದು ಕಟ್ಯಾರು ಅಂತ ಆಸೆ ಇತ್ತವಾ."

"ನಿನಗೂ ಕಟ್ಟತಿದ್ವಿ ಅಣ್ಣಾ," ಎಂದಳು ನೀಲವ್ವ.

"ಎಲ್ಲಿ ಕಟ್ಟತೀರಿ? ನಾ ಏನ ಎಂಜಿನ್ನ್ಯಾಗ ಬರ್ತೀನೇನು? ನಡಕೋತ ಬರಾಂವ. ನನ್ನ ಕಾಲ ಕೆಳಗ ಕಟ್ಟಿದ್ರ ಸಲಾಮಲ್ಲ, ಸೀದಾ ಸಮಾಧಿ."

ಎಲ್ಲರೂ ನಕ್ಕರು. ರಾಜೇಸಾಬ ರೊಟ್ಟಿ ಮುರಿಯುತ್ತ ಕಂಬದ ಕಡೆ ನೋಡಿದ. ಆ ನೋಟ ಒಳ್ಳೆಯದಲ್ಲವೆಂದು ಮಂಜುಳಾಗೆ ಆಗಲೇ ಅನಿಸಿತ್ತಂತೆ.

ಎರಡು ದಿನದ ಮೇಲೆ ಆ ಭಾಗದಲ್ಲಿ ಬ್ಲಾಕ್ ಇತ್ತು. ಬ್ಲಾಕ್ ಅಂದರೆ ಕೆಲಸಕ್ಕಾಗಿ ಗಾಡಿಗಳನ್ನು ಎರಡೂ ಕಡೆ ನಿಲ್ಲಿಸಿ ಹಳಿಯನ್ನು ಗ್ಯಾಂಗಿಗೆ ಬಿಟ್ಟುಕೊಡುವ ಸಮಯ. ಗಾಡಿಯ ಜೊತೆ ಎಂದೂ ಚೇಷ್ಟೆ ಮಾಡದವನು ರಾಜೇಸಾಬ. ಅದಕ್ಕೇ ಬ್ಲಾಕಿಗಾಗಿ ಕಾದಿದ್ದ. ಉಳಿದವರು ದೂರದ ತಿರುವಿನಲ್ಲಿ ಕ್ಲಿಪ್ಪು ಬಡಿಯುತ್ತಿದ್ದಾಗ ಇವನು ಎರಡು ಸುತ್ತಿಗೆಗೆ ಗೋಣಿಪಟ್ಟೆ ಸುತ್ತಿ, ಕೂತಲ್ಲೇ ಖಡಿಯ ಮೇಲೆ ಬಡಿಯತೊಡಗಿದ. ಮೊದಲು ಮುಂಗಾಲೆರಡು, ಆಮೇಲೆ ಹಿಂಗಾಲೆರಡು. ನಾಲ್ಕು ಹೆಜ್ಜೆ, ಒಂದು ನಿಲುವು. ಇನ್ನೂ ನಾಲ್ಕು ಹೆಜ್ಜೆ, ಮತ್ತೆ ನಿಂತು ಯೋಚನೆ. ಬಳಿಕ ಕಂಬದ ಬುಡಕ್ಕೆ ಗೋಣಿಯನ್ನು ಒತ್ತಿ ಗಸಗಸ ಉಜ್ಜಿದ. ಮೈ ತುರಿಸಿದರೆ ಎಮ್ಮೆ ಕಂಬವನ್ನು ಬಿಡುತ್ತದೆಯೆ?

"ಹಳಿಯ ಮೇಲೆ ಎಮ್ಮೆ ಬಂದಿದೆ," ಎಂದಳು ಕಿವಡವ್ವ, ರೇಡಿಯೋ ವಾರ್ತೆ ಓದುವಷ್ಟು ಗಂಭೀರವಾಗಿ.

ರಾಜೇಸಾಬ ಸುತ್ತಿಗೆ ಬಿಟ್ಟು ಹೊಟ್ಟೆ ಹಿಡಿದುಕೊಂಡ.

ಹುಬ್ಬಳ್ಳಿಯ ಕಂಟ್ರೋಲ್ ರೂಮಿನಿಂದ ನೀಲವ್ವನಿಗೆ ಫೋನ್ ಬಂತು. ಆಕೆ ತಿರುವಿನಿಂದ ಓಡಿ ಬಂದಳು. ಎಮ್ಮೆ ಇರಲಿಲ್ಲ, ಗೋಣಿಪಟ್ಟೆ ಇತ್ತು, ಅದರ ಪಕ್ಕದಲ್ಲಿ ಕಣ್ಣೀರು ಬರುವಷ್ಟು ನಗುತ್ತಿದ್ದ ರಾಜೇಸಾಬ ಇದ್ದ.

"ನಗಬ್ಯಾಡ ಅಣ್ಣಾ," ಎಂದಳು ನೀಲವ್ವ. ಧ್ವನಿ ಎತ್ತಲಿಲ್ಲ. "ನಿನ್ನ ಚ್ಯಾಷ್ಟಿ ಎಲ್ಲಾ ತಡಕೊಂಡೀನಿ. ಆದ್ರ ಇವತ್ತ ಸುಳ್ಳ ಎಮ್ಮಿ, ನಾಳೆ ಮತ್ತೊಂದು ಸುಳ್ಳ. ಹಂಗಾದ್ರ ಕಿವಡವ್ವ ಒದರಿದಾಗ ಯಾರ ಸರೀತಾರ? ಈಕಿ ಹೆಸರ ಹಿಡಿದು ಕರೀತಾಳ ಅಂತ ನಾನು ಸಂಜೀಕ ಮನೀಗಿ ಹೊಕ್ಕೀನಿ. ನಮ್ಮ ಮನಿಯವ್ರನ್ನ ಕರ್ಯಾಕ ಈಕಿ ಇದ್ದಿದ್ದಿಲ್ಲ."

ರಾಜೇಸಾಬ ನಗು ನಿಲ್ಲಿಸಿದ. ಗೋಣಿ ಬಿಚ್ಚಿ, ಸುತ್ತಿಗೆಗಳನ್ನು ಜೋಡಿಸಿಟ್ಟ. "ತಪ್ಪಾತವಾ," ಎಂದ. ಅಣಕದ ಧ್ವನಿಯಲ್ಲಲ್ಲ, ಅವನದೇ ಧ್ವನಿಯಲ್ಲಿ. ಗ್ಯಾಂಗಿನವರು ಆ ಧ್ವನಿಯನ್ನು ಕೇಳುತ್ತಿದ್ದದ್ದು ಅಪರೂಪ.

ಮರುದಿನ ಡಾಕ್ಟರ್ ನಿರುಪಮಾ ಜೀಪಿನಲ್ಲಿ ಬಂದಿಳಿದರು. ಗ್ಯಾಂಗಿನವರಿಗೆ ಅವರ ಪರಿಚಯ ಹೊಸದಲ್ಲ. ಡಾಕ್ಟರೆಂದ ಮೇಲೆ ಆಯಿತು, ತಂತಿ ಹುಗಿಸುವ ದಿನಗಳಲ್ಲೇ ಒಬ್ಬೊಬ್ಬರೂ ಮಂಡಿ ತೋರಿಸಿ ಮುಲಾಮು ಕೇಳಿದ್ದರು. ಇವತ್ತು ಯಾರೂ ಮಂಡಿ ತೋರಿಸಲಿಲ್ಲ. ರಾಜೇಸಾಬನಂತೂ ಕಂಬದ ಮರೆಯಲ್ಲಿ ಕಂಬದಷ್ಟೇ ಸುಮ್ಮನೆ ನಿಂತಿದ್ದ.

"ಎಲ್ಲಿ ಅದಾನ್ರಿ ನಮ್ಮ ಎಮ್ಮಿ?" ಎಂದರು ನಿರುಪಮಾ.

"ಇಲ್ಲೇ ಅದೀನ್ರಿ ಬಾಯಾರ. ಕಟ್ಟಿ ಹಾಕೂದಿದ್ರ ಹಗ್ಗ ನಾನ ತರ್ತೀನಿ."

"ಹಗ್ಗ ಬ್ಯಾಡ. ಸುತ್ತಿಗಿ ತರ್ರಿ. ನಿನ್ನೆ ಮಾಡಿದ್ದನ್ನ ಇವತ್ತ ಬ್ಲಾಕಿನ್ಯಾಗ ಮತ್ತೊಮ್ಮೆ ಮಾಡ್ರಿ."

ರಾಜೇಸಾಬ ನೀಲವ್ವನ ಮುಖ ನೋಡಿದ. ನೀಲವ್ವ ನಿರುಪಮಾರ ಮುಖ ನೋಡಿದಳು.

"ನೀಲವ್ವ, ನೀವು ಅವ್ರಿಗೆ ಅಂದದ್ದನ್ನ ನಿನ್ನೆ ಫೋನಿನ್ಯಾಗ ಹೇಳಿದ್ರಲ್ಲ, ಅದು ಖರೇನ ಅದ," ಎಂದರು ನಿರುಪಮಾ. "ಸುಳ್ಳ ಕೂಗೋ ಕಾವಲಗಾರನ್ನ ಯಾರೂ ನಂಬೂದಿಲ್ಲ. ನಾ ಲ್ಯಾಬಿನ್ಯಾಗ ಖರೇ ಎಮ್ಮಿ ಅಷ್ಟ ಕೇಳಿಸಿದ್ದೆ ಇದಕ್ಕ. ಸುಳ್ಳ ಎಮ್ಮಿ ಹೆಂಗಿರ್ತದ ಅಂತ ಕಲಿಸಲೇ ಇಲ್ಲ. ಅದನ್ನ ಕಲಿಸೋರು ಕರೇಕೊಪ್ಪದಾಗ ಅದಾರ ಅಂತ ಗೊತ್ತಿದ್ದಿಲ್ಲ."

ಹೀಗೆ ಒಂದು ವಿಚಿತ್ರ ಪಾಠಶಾಲೆ ಶುರುವಾಯಿತು. ಬ್ಲಾಕ್ ಸಿಕ್ಕಾಗಲೆಲ್ಲ ರಾಜೇಸಾಬ ಎಮ್ಮೆಯಾದ, ಕುರಿ ಹಿಂಡಾದ, ಎತ್ತಿನ ಚಕ್ಕಡಿಯಾದ, ಹಳಿ ದಾಟುವ ಮದುವೆ ದಿಬ್ಬಣವೂ ಆದ. ನಿರುಪಮಾ ಕೋಣೆಯಲ್ಲಿ ಕೂತು ಪರದೆ ನೋಡುತ್ತ ಕಿವಡವ್ವನಿಗೆ ತಿದ್ದಿ ಹೇಳುತ್ತಿದ್ದರು. ಸುಳುಹು ಸಿಕ್ಕಿದ್ದು ಒಂದು ಮಧ್ಯಾಹ್ನ. ಸುತ್ತಿಗೆಗಳು ನಾಲ್ಕು ಕಾಲಿನ ನಡೆ ನಡೆಯುತ್ತಿದ್ದರೂ ಅವುಗಳ ಹಿಂದೆ ಇನ್ನೆರಡು ಕಾಲಿನ ಭಾರ ಸಣ್ಣಗೆ ಅತ್ತಿತ್ತ ವಾಲುತ್ತಿತ್ತು. ಅದು ಕೂತವನ ಪಾದ. ಕೈ ಯಾರನ್ನಾದರೂ ಅಣಕಿಸಲಿ, ಪಾದಕ್ಕೆ ಅಣಕ ಬಾರದು, ಅದು ತನ್ನ ಒಡೆಯನನ್ನೇ ಹೇಳುತ್ತದೆ. ಅಂದಿನಿಂದ ಕಿವಡವ್ವ ಸದ್ದನ್ನು ಕೇಳಿದ ಮೇಲೆ, ಸದ್ದಿನ ಹಿಂದೆ ನಿಂತವರನ್ನೂ ಕೇಳತೊಡಗಿದಳು.

ಮರುವಾರ ರಾಜೇಸಾಬ ತನ್ನ ಜೀವಮಾನದ ಅತ್ಯುತ್ತಮ ಎಮ್ಮೆಯನ್ನು ಹಳಿಗೆ ಹತ್ತಿಸಿದ. ಬಾಲ ಬೀಸಿದ ಗಾಳಿಯೂ ಬಂತೆಂದು ಶೇಖಪ್ಪ ಆಣೆ ಮಾಡುತ್ತಾನೆ. ಕಂಬ ಮೊದಲು ಸುತ್ತಿಗೆಯನ್ನು ಕೇಳಿತು, ಆಮೇಲೆ ಪಾದವನ್ನು.

"ಎಮ್ಮೆ ಅಲ್ಲ," ಎಂದಿತು. "ರಾಜೇಸಾಬ."

ಗ್ಯಾಂಗು ಖಡಿಯ ಮೇಲೆ ಉರುಳಾಡಿತು. ನೀಲವ್ವ ಕೂಡ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಾಜೇಸಾಬ ಸೋತ ಮುಖ ಮಾಡಿದ. ಆದರೆ ಕಣ್ಣು ಸೋತಿರಲಿಲ್ಲ.

"ನೋಡ್ರಿ ಬಾಯಾರ," ಎಂದ, "ಕಿವಡವ್ವಗ ಎಮ್ಮಿ ಗೊತ್ತಾಕೈತಿ, ನಾನೂ ಗೊತ್ತಾಕ್ಕೀನಿ. ರೈಲಿನ್ಯಾಗ ಕುಂತ ಮಂದಿಗೆ ಎರಡರಾಗ ಒಂದೂ ಗೊತ್ತಾಗೂದಿಲ್ಲ. ಮುಂದಿನ ಸ್ಟೇಷನ್ ಯಾವುದು ಅಂತ ಹೇಳ್ತೀರಿ ಅವ್ರಿಗೆ. ಆ ಸ್ಟೇಷನ್ನಿಗೂ ಈ ಸ್ಟೇಷನ್ನಿಗೂ ನಡುವ ಇರೂ ಹಳಿ ಯಾರ್ದಂತ ಎಂದರ ಹೇಳೀರೇನು? ಸ್ಟೇಷನ್ನಿಗೆ ಹೆಸರ ಐತಿ, ಗಾಡಿಗೆ ಹೆಸರ ಐತಿ. ನಡುವಿನ ಹಳಿಗೆ ಹೆಸರಿಲ್ಲೇನ್ರಿ?"

ನಿರುಪಮಾ ಜೀಪು ಹತ್ತುವಾಗ ನೀಲವ್ವನನ್ನು ಬದಿಗೆ ಕರೆದು ಏನೋ ಕೇಳಿದರು. ನೀಲವ್ವ ಮೊದಲು ತಲೆ ಅಲ್ಲಾಡಿಸಿದಳು, ಆಮೇಲೆ ಯೋಚಿಸಿದಳು, ಆಮೇಲೆ ಆಕೆಯ ಮುಖದ ಮೇಲೆ ರಾಜೇಸಾಬನದೇ ಒಂದು ನಗೆ ಬಂತು. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದರೆ ಅಂಟಿಕೊಳ್ಳದೆ ಇರುತ್ತದೆಯೆ?

ರಾಜೇಸಾಬನ ನೌಕರಿಯ ಕೊನೆಯ ದಿನ ಬಂತು. ಹುಬ್ಬಳ್ಳಿಯ ಆಫೀಸಿನಲ್ಲಿ ಅವನ ಜೊತೆ ಇನ್ನೂ ಹಲವರ ನಿವೃತ್ತಿ ಇತ್ತು. ಎಲ್ಲರಿಗೂ ಒಂದೊಂದು ಹಾರ, ಒಂದೊಂದು ಪದಕ, ಎಲ್ಲರಿಗೂ ಸೇರಿ ಒಂದು ಭಾಷಣ. ಭಾಷಣ ಮಾಡಿದ ಸಾಹೇಬರು ಅವನ ಹೆಸರನ್ನು ರಾಜಾಸಾಹೇಬ ಎಂದರು. ಇದ್ದಕ್ಕಿದ್ದಂತೆ ಅರಸನಾದದ್ದಕ್ಕೆ ರಾಜೇಸಾಬ ಎದ್ದು ಅರಸನಂತೆಯೇ ಕೈ ಬೀಸಿ ಕೂತ. ಗ್ಯಾಂಗಿನವರು ಇದ್ದಿದ್ದರೆ ನಗುತ್ತಿದ್ದರು. ಗ್ಯಾಂಗಿನವರು ಯಾರೂ ಬಂದಿರಲಿಲ್ಲ. "ಬ್ಲಾಕ್ ಐತಿ ಅಣ್ಣಾ, ಬರಾಕ ಆಗೂದಿಲ್ಲ. ನೀ ಹೋಗಿ ಬಾ," ಎಂದಿದ್ದಳು ನೀಲವ್ವ ಹಿಂದಿನ ದಿನ, ಕಣ್ಣಲ್ಲಿ ಕಣ್ಣಿಡದೆ. ಮಂಜುಳಾ ಕೂಡ ಯಾವುದೋ ಕೆಲಸದ ನೆವ ಹೇಳಿದ್ದಳು. ಅಷ್ಟೊಂದು ಕೆಲಸ ಅವರಿಗೆ ಯಾವಾಗ ಬಂತೋ ಅವನಿಗೆ ತಿಳಿಯಲಿಲ್ಲ.

ಹೆಂಡತಿ ಮಾಬೂಬಿಯ ಜೊತೆ ಅವನು ಗದಗ ಪ್ಯಾಸೆಂಜರ್ ಹತ್ತಿದ. ಕಿಟಕಿಯ ಪಕ್ಕ ಕೂತ. ಹಾರವನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡ. ಬುದ್ಧಿ ಬಂದಾಗಿನಿಂದ ಕಾಲಲ್ಲಿ ಅಳೆದ ಹಳಿಯ ಮೇಲೆ ಅವನು ಕೂತು ಹೋದದ್ದು ಕಡಿಮೆ. ಹಗಲಲ್ಲಿ, ಕಿಟಕಿಯ ಪಕ್ಕ, ಕೆಲಸವಿಲ್ಲದೆ ಹೋದದ್ದಂತೂ ಇದೇ ಮೊದಲು.

"ಎಲ್ಲಿಂದ ನಿಮ್ಮ ಹಳಿ?" ಎಂದು ಮಾಬೂಬಿ ಕೇಳಿದಳು.

"ಆ ಸೇತುವೆ ದಾಟಿದ ಮ್ಯಾಲ. ಕಣ್ಣ ಮುಚ್ಚಿ ಕುಂದ್ರು, ಗೊತ್ತಾಕೈತಿ. ನಮ್ಮ ಹಳಿ ಮ್ಯಾಲ ಚಾ ಚೆಲ್ಲೂದಿಲ್ಲ."

ಗಾಡಿ ಸೇತುವೆ ದಾಟಿತು. ಎದುರಿನ ಸೀಟಿನವರ ಕೈಯಲ್ಲಿ ಚಹಾದ ಕಪ್ಪು ಇತ್ತು, ಅದರಲ್ಲಿ ಚಹಾ ಅಲುಗಲಿಲ್ಲ. ರಾಜೇಸಾಬ ಅದನ್ನು ಹೆಂಡತಿಗೆ ಹುಬ್ಬಲ್ಲೇ ತೋರಿಸಿದ. ಅದೇ ಹೊತ್ತಿಗೆ ಬೋಗಿಯ ಮೇಲ್ಗಡೆಯ ಸ್ಪೀಕರಿನಿಂದ ಕಿವಡವ್ವನ ಧ್ವನಿ ಬಂತು.

"ಪ್ರಯಾಣಿಕರ ಗಮನಕ್ಕೆ. ನಾವೀಗ ಕರೇಕೊಪ್ಪ ಗ್ಯಾಂಗಿನ ಹಳಿಯ ಮೇಲೆ ಹೋಗುತ್ತಿದ್ದೇವೆ. ಇಂದು ಬೆಳಿಗ್ಗೆ ಈ ಹಳಿಯನ್ನು ನಡೆದು ನೋಡಿದವರು ಶೇಖಪ್ಪ ಬಾರಕೇರ. ಖಡಿ ಬಡಿದವರು ನೀಲವ್ವ ತಳವಾರ ಮತ್ತು ಮಂಜುಳಾ ಹಡಪದ."

ಬೋಗಿಯಲ್ಲಿ ಕೆಲವರು ಮೇಲೆ ನೋಡಿದರು. ಕೆಲವರು, ಬಹುಶಃ ಮೊದಲ ಸಲ, ಕೆಳಗೆ ನೋಡಿದರು. ರಾಜೇಸಾಬ ಅರ್ಧ ಎದ್ದಿದ್ದ. ನಡುವಿನ ಹಳಿಗೆ ಹೆಸರು ಬಂದಿತ್ತು. ಅವನು ಕೇಳಿದ್ದೇ ಬಂದಿತ್ತು, ಅವನ ಹೊರತು.

"ನಿಮ್ಮ ಹೆಸರ ಬರ್ಲಿಲ್ಲಲ್ರಿ," ಎಂದಳು ಮಾಬೂಬಿ.

ರಾಜೇಸಾಬ ಮೆಲ್ಲಗೆ ಕೂತ. ಮಡಿಲಿನ ಹಾರದಿಂದ ಒಂದು ಚೆಂಡುಹೂವನ್ನು ಬಿಡಿಸಿ, ಅದರ ಎಸಳು ಕೀಳತೊಡಗಿದ. "ನಾ ಇವತ್ತ ಹಳಿ ಮ್ಯಾಲ ಕಾಲಿಟ್ಟಿಲ್ಲಲ್ಲ," ಎಂದ. "ಕಿವಡವ್ವ ಸುಳ್ಳ ಹೇಳೂದಿಲ್ಲ. ನಾವ ಕಲಿಸಿದ್ದು." ಧ್ವನಿ ಅವನದೇ ಆಗಿತ್ತು.

ಮಾಬೂಬಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಅಳುತ್ತಿದ್ದಾಳೆಂದು ಅವನು ಎಣಿಸಿದ.

"ಹಳಿಯ ಮೇಲೆ ಎಮ್ಮೆ ಬಂದಿದೆ," ಎಂದಿತು ಮೇಲಿನ ಧ್ವನಿ. "ಗಾಡಿ ನಿಧಾನವಾಗುತ್ತದೆ."

ಬೋಗಿ ಗೊಣಗಿತು. "ಯಾರ್ದಪಾ ಎಮ್ಮಿ, ಹೊತ್ತಿಲ್ಲ ಗೊತ್ತಿಲ್ಲ!" ಎಂದು ಚಹಾದ ಕಪ್ಪು ಹಿಡಿದವರು ಬೈದರು. ರಾಜೇಸಾಬನೊಳಗಿನ ಗ್ಯಾಂಗಿನವನು ತಟ್ಟನೆ ಎದ್ದ. ಹಾರ ಕೆಳಗೆ ಬಿತ್ತು. ಕಿಟಕಿಯ ಸರಳಿಗೆ ಹಣೆ ಒತ್ತಿ ಮುಂದೆ ನೋಡಿದ. "ಈ ಹೊತ್ತಿನ್ಯಾಗ ಎಲ್ಲಾ ಎಮ್ಮಿ ಹಳ್ಳದಾಗ ಬಿದ್ದಿರ್ತಾವ, ಇಲ್ಲಿ ಹೆಂಗ ಬಂತು?"

ಢಂ.

ಢಂ ಢಂ. ಢಂ.

ಗಾಲಿಯ ಕೆಳಗಿನಿಂದ ಬಂದ ಸದ್ದು ಬೋಗಿಯನ್ನೇ ನಡುಗಿಸಿತು. ಮಕ್ಕಳು ಕಿರುಚಿದವು, ಚಹಾ ಕೊನೆಗೂ ಚೆಲ್ಲಿತು. ರಾಜೇಸಾಬ ಮಾತ್ರ ಅಲುಗಲಿಲ್ಲ. ಪೆಟ್ಟಿನ ನಡುವಿನ ಬಿಡುವು ಅವನಿಗೆ ಗೊತ್ತಿತ್ತು. ಹಲಗೆಯ ಪೆಟ್ಟು ಬೀಳುವಂತೆ ಜಾಗ ಹೆಚ್ಚುಕಡಿಮೆ ಮಾಡಿ ಪಟಾಕಿ ಕಟ್ಟುವವನು ಈ ಸೀಮೆಯಲ್ಲಿ ಒಬ್ಬನೇ ಇದ್ದ. ಆ ಒಬ್ಬ ಇಲ್ಲಿ ಕಿಟಕಿ ಹಿಡಿದು ನಿಂತಿದ್ದ. ಅವನು ಕಟ್ಟುವುದನ್ನು ವರ್ಷಗಟ್ಟಲೆ ನೋಡುತ್ತ ನಿಂತವಳು ಇನ್ನೊಬ್ಬಳಿದ್ದಳು.

ಉಗ್ರಾಣದಲ್ಲಿ ಉಳಿದಿದ್ದ ಆ ಬಿಲ್ಲೆಗಳು ಹೇಗೂ ನಾಶಮಾಡಬೇಕಾದವು. ಹಳಿಗಿವಿಯ ಪರೀಕ್ಷೆಗೆ ಬೇಕೆಂದು ಬರೆದು ನಿರುಪಮಾ ಅವನ್ನು ಪಡೆದುಕೊಂಡಿದ್ದರು. ಚಾಲಕಿಗೂ ಕಂಟ್ರೋಲಿಗೂ ಮೊದಲೇ ತಿಳಿಸಲಾಗಿತ್ತು. ಎಮ್ಮೆಯ ಸುದ್ದಿ ಹೋದದ್ದು ಈ ಒಂದು ಗಾಡಿಯ ಬೋಗಿಗಳೊಳಗೆ ಮಾತ್ರ. ಗಾಡಿಯ ಜೊತೆ ಚೇಷ್ಟೆ ಮಾಡಬಾರದೆಂಬ ರಾಜೇಸಾಬನ ನಿಯಮವನ್ನು ಅವನ ಮೇಲೆ ಚೇಷ್ಟೆ ಮಾಡುವಾಗಲೂ ಯಾರೂ ಮುರಿಯಲಿಲ್ಲ.

ಕೊನೆಯ ಢಂ ಆರಿತು. ಗಾಡಿ ತೆವಳುತ್ತಿತ್ತು. ಮೇಲಿನ ಧ್ವನಿ ಗಂಟಲು ಸರಿಮಾಡಿಕೊಂಡಿತು, ಥೇಟ್ ಸೆಕ್ಷನ್ ಎಂಜಿನಿಯರರ ಹಾಗೆ. ಅದನ್ನು ಅದಕ್ಕೆ ಕಲಿಸಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

"ತಿದ್ದುಪಡಿ," ಎಂದಿತು. "ಎಮ್ಮೆ ಅಲ್ಲ. ರಾಜೇಸಾಬ."

ಒಂದು ಉಸಿರು ಬಿಟ್ಟು ಅದೇ ಮುಂದುವರಿಸಿತು: "ರಾಜೇಸಾಬ ನದಾಫ ಅವರು ಈ ಹಳಿಯನ್ನು ಆಯುಷ್ಯವಿಡೀ ನಡೆದು ಕಾಪಾಡಿದ್ದಾರೆ. ಇಂದು ಮೊದಲ ಸಲ ಕೆಲಸವಿಲ್ಲದೆ ಇದರ ಮೇಲೆ ಕೂತು ಬರುತ್ತಿದ್ದಾರೆ. ಪ್ರಯಾಣಿಕರು ದಯವಿಟ್ಟು ಅವರಿಗೆ ಹಳಿ ಬಿಡಿರಿ."

ಮಾಬೂಬಿ ಕಿಟಕಿಯಿಂದ ಮುಖ ತಿರುಗಿಸಿದಳು. ಆಕೆ ಅಳುತ್ತಿರಲಿಲ್ಲ. ಆಕೆಗೆ ಒಂದು ವಾರದಿಂದ ಎಲ್ಲವೂ ಗೊತ್ತಿತ್ತು. ಹೊರಗೆ, ಗಾಡಿಯ ಬದಿಯಲ್ಲಿ, ನೀಲವ್ವ, ಶೇಖಪ್ಪ, ಮಂಜುಳಾ ಸುತ್ತಿಗೆ ಎತ್ತಿ ಹಿಡಿದು ಸಾಲಾಗಿ ನಿಂತಿದ್ದರು. ಗಾಡಿ ಹಾಯುವಾಗ ಗ್ಯಾಂಗಿನವರು ಯಾವಾಗಲೂ ಹಾಗೆಯೇ ಬದಿಗೆ ನಿಲ್ಲುತ್ತಾರೆ. ಈ ಸಲ ವ್ಯತ್ಯಾಸವೆಂದರೆ ಕಿಟಕಿಗಳೆಲ್ಲ ಅವರ ಕಡೆ ತಿರುಗಿದ್ದವು.

ಈ ಗಾಡಿಗಾಗಿ ನಾವು ಇನ್ನೂ ಮೂವತ್ತು ಚಿಲ್ಲರೆ ವರ್ಷ ಕಾಯಬೇಕು. ಹಳಿಯ ಬದಿಯಲ್ಲಿ ಹಾರೆ ಹಿಡಿದು ನಿಂತವರಿಗಾಗಿ ಕಾಯಬೇಕಾಗಿಲ್ಲ. ಇಂದಿನ ಗಾಡಿ ಹೊರಡುವ ಮೊದಲೇ ಅವರು ಆ ಹಳಿಯನ್ನು ನಡೆದು ನೋಡಿಯಾಗಿದೆ. ಅವರ ಕಿವಿಗೆ ಈಗಲೂ ಇರುವುದು ಒಂದು ಸೀಟಿ, ಒಂದು ಬಾವುಟ. ಅವರ ಹೆಸರು ಹಿಡಿದು ಕರೆಯುವ ಕಂಬ ಇನ್ನೂ ಹುಟ್ಟಿಲ್ಲ. ನಮ್ಮ ಕಪ್ಪಿನಲ್ಲಿ ಚಹಾ ಅಲುಗದಿದ್ದರೆ, ಸದ್ಯಕ್ಕೆ ಅದೇ ಅವರ ಸಹಿ.

ಕರೇಕೊಪ್ಪದಲ್ಲಿ ಗಾಡಿ ನಿಂತಿತು. ಅರ್ಧ ಬೋಗಿ ರಾಜೇಸಾಬನ ಜೊತೆ ಪ್ಲಾಟ್‌ಫಾರ್ಮಿಗಿಳಿಯಿತು. ಓಡುತ್ತ ಬಂದ ನೀಲವ್ವ ಏದುಸಿರಿನಲ್ಲಿ ಕೇಳಿದಳು: "ಪಟಾಕಿ ಕಟ್ಟಿದ್ದು ಹೆಂಗಿತ್ತಣ್ಣಾ?"

"ಮೂರನೇದ್ದು ಒಂದು ಬೆರಳು ಹಿಂದ ಆತು ಮೇಟವ್ವಾ," ಎಂದ ರಾಜೇಸಾಬ ಗಂಭೀರವಾಗಿ. ಹೆಚ್ಚು ಹೊತ್ತು ಆ ಗಾಂಭೀರ್ಯ ಉಳಿಯಲಿಲ್ಲ. ತುಟಿ ಮೊದಲು ನಡುಗಿತು, ಆಮೇಲೆ ಹೆಗಲು. ಸ್ಟೇಷನ್ನಿನ ಹಿಂದಿನ ಕೋಣೆಯಲ್ಲಿ ಪರದೆ ನೋಡುತ್ತಿದ್ದ ನಿರುಪಮಾರಿಗೆ ಗಾಜಿನ ತಂತಿಯ ಉದ್ದಕ್ಕೂ ನಗುವವರ ಕಾಲ್ಕುಣಿತ ಸಣ್ಣ ಸಣ್ಣ ಗೆರೆಗಳಾಗಿ ಏಳುವುದು ಕಂಡಿತು. ನಡುವೆ ಒಂದು ಗೆರೆ ಮಾತ್ರ ಗುಡ್ಡದಂತೆ ಎದ್ದು, ಉಳಿದವನ್ನೆಲ್ಲ ಮುಚ್ಚಿಹಾಕಿತು. ಅದು ಯಾರದೆಂದು ತಿಳಿಯಲು ಕಿವಡವ್ವನನ್ನು ಕೇಳಬೇಕಾಗಿರಲಿಲ್ಲ. ಕಿಟಕಿ ತೆರೆದರೆ ಸಾಕಿತ್ತು.